ಹಾಫ್ ಪ್ಲೇಟ್ ಕ್ಯಾಮೆರಾ, ಫುಲ್ ಪ್ಲೇಟ್ ಖರ್ಚು

ದಾವಣಗೆರೆಯಲ್ಲಿ ಕೈಯಲ್ಲಿ ಏನಾದರೂ ಹಿಡಿದುಕೊಂಡು ಬೀದಿ ದಾಟಿದರೆ ಸಾಕು, ಅದರ ರೇಟ್ ಕೇಳುವವರು ನಾಲ್ಕು ಜನ ಸಿಗುತ್ತಾರೆ. ಹತ್ತಿ, ಮೆಕ್ಕೆಜೋಳ ಅಂತ ವ್ಯಾಪಾರದ ಮೇಲೇ ಬೆಳೆದ ಊರು. ಕೇಳದಿದ್ದರೆ ಅವರಿಗೂ ಸಮಾಧಾನ ಇಲ್ಲ, ಹೇಳದಿದ್ದರೆ ನಮಗೂ ಮರ್ಯಾದೆ ಇಲ್ಲ. ಅದಕ್ಕೇ ನನ್ನ ಹಳೇ ಕ್ಯಾಮೆರಾಗೆ ಮೂರು ರೇಟ್ ಇದೆ. ಮನೆಯವಳಿಗೆ ಹೇಳಿದ್ದು ಒಂದು, ಗೆಳೆಯರಿಗೆ ಹೇಳಿದ್ದು ಅದರ ಡಬಲ್, ನಿಜವಾಗಿ ಕೊಟ್ಟಿದ್ದು ಇವೆರಡರ ನಡುವೆ ಎಲ್ಲೋ ಇದೆ. ಇದನ್ನು ಮನೆಯವಳೂ ಓದುತ್ತಾಳೆ, ಆದ್ದರಿಂದ ಸಂಖ್ಯೆ ಬೇಡ.

ಕ್ಯಾಮೆರಾ ಅಂದರೆ ಕೊರಳಿಗೆ ನೇತುಹಾಕಿಕೊಳ್ಳುವಂಥದ್ದಲ್ಲ. ತೇಗದ ಮರ, ಹಿತ್ತಾಳೆ ಪಟ್ಟಿ, ನಡುವೆ ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ಕಪ್ಪು ತಿದಿ, ಕೆಳಗೆ ಮೂರು ಕಾಲಿನ ಮರದ ಸ್ಟ್ಯಾಂಡು. ಫೋಟೋಗ್ರಾಫರ್ ಕಪ್ಪು ಬಟ್ಟೆ ಹೊದ್ದು ಒಳಗೆ ಸೇರಿಕೊಂಡು, 'ಅಲುಗಾಡಬೇಡಿ' ಅಂತ ಒಳಗಿಂದಲೇ ಗದರುತ್ತಿದ್ದನಲ್ಲ, ಆ ಜಾತಿಯದು. ಹಾಫ್ ಪ್ಲೇಟ್ ಸೈಜು, ಅಂದರೆ ಒಂದೊಂದು ನೆಗೆಟಿವ್ವೂ ನಾಲ್ಕೂಮುಕ್ಕಾಲು ಇಂಚು ಅಗಲ, ಆರೂವರೆ ಇಂಚು ಉದ್ದ. ಹಳೇ ಊರಿನ ಒಂದು ಮುಚ್ಚಿಹೋದ ಸ್ಟುಡಿಯೋದ ಅಟ್ಟದಲ್ಲಿ ಬಿದ್ದಿತ್ತು. ಸ್ಟುಡಿಯೋ ನಡೆಸಿದವರ ಮಗ ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. 'ಅಪ್ಪಾಜಿ ಇದರಲ್ಲೇ ನಮ್ಮ ಮೂರು ಜನ ಅಕ್ಕಂದಿರ ಮದುವೆ ಮಾಡಿದ್ರು' ಅಂತ ಸ್ವಲ್ಪ ಹೊತ್ತು ಭಾವುಕರಾದರು. ನನಗೂ ಗಂಟಲು ಕಟ್ಟಿತು. ಅದೇ ಗ್ಯಾಪಿನಲ್ಲಿ ರೇಟ್ ಐನೂರು ಜಾಸ್ತಿ ಮಾಡಿದರು.

ಇಳಿಸಿ ನೋಡಿದರೆ ತಿದಿಯನ್ನು ಇಲಿ ತಿಂದಿತ್ತು, ಹಿಂದಿನ ಗಾಜು ಇರಲಿಲ್ಲ, ಎರಡು ಹಿತ್ತಾಳೆ ಸ್ಕ್ರೂ ಮಾಯ. ಲೆನ್ಸ್ ಮಾತ್ರ ಹಳೇ ಕರವಸ್ತ್ರದೊಳಗೆ ಭದ್ರವಾಗಿತ್ತು.

ಮೊದಲು ಬಡಗಿ. ಹೊರಗೆ ಪಾಲಿಶ್ ಮಾಡಿ, ಒಳಗೆ ಮುಟ್ಟಬೇಡಿ, ಒಳಗೆ ಹೊಳಪು ಬಂದರೆ ಬೆಳಕು ಅಲ್ಲಿ ಇಲ್ಲಿ ಹೊಡೆದು ಫೋಟೋ ಮಂಜಾಗುತ್ತೆ ಅಂತ ಎರಡೆರಡು ಸಲ ಹೇಳಿ ಬಂದಿದ್ದೆ. ತರಲು ಹೋದರೆ ಒಳಗೂ ಹೊರಗೂ ಒಂದೇ ಮಿಂಚು. 'ಒಳಗೊಂದು ಹೊರಗೊಂದು ಮಾಡೋ ಕೆಲಸ ನಮ್ದಲ್ಲ ಸರ್' ಅಂದರು. ಆ ಮಾತಿಗೆ ಏನು ಹೇಳೋದು? ಕೊನೆಗೆ ಶಾಲೆಯ ಬೋರ್ಡಿಗೆ ಬಳಿಯುವ ಕಪ್ಪು ಬಣ್ಣ ತಂದು ಒಳಗೆಲ್ಲ ನಾನೇ ಬಳಿದೆ. ಆ ಬಣ್ಣಕ್ಕೆ ಹೊಳಪು ಇಲ್ಲ, ಕ್ಯಾಮೆರಾದ ಹೊಟ್ಟೆಗೆ ಬೇಕಿದ್ದದ್ದೂ ಅದೇ.

ಸ್ಕ್ರೂ ಕಥೆ ಬೇಗ ಮುಗಿಯಿತು. ಈಗಿನ ಮಿಲಿಮೀಟರ್ ಸ್ಕ್ರೂ ಯಾವುದೂ ಅದರಲ್ಲಿ ಕೂರಲಿಲ್ಲ. ಹರಿಹರ ಹೇಳಿಕೇಳಿ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಊರು. ಫ್ಯಾಕ್ಟರಿ ಮುಚ್ಚಿ ವರ್ಷಗಳಾದರೂ ಅಲ್ಲಿ ಕೆಲಸ ಕಲಿತ ಕೈಗಳು ಇನ್ನೂ ಇವೆ. ಅಂಥ ಒಬ್ಬ ಹಿರಿಯರು ಹಳೇ ಸ್ಕ್ರೂ ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿ, ಚಹಾ ತಣ್ಣಗಾಗುವುದರೊಳಗೆ ಎರಡು ಕಡೆದು ಕೊಟ್ಟರು. ದುಡ್ಡು ಕೇಳಿದ್ದು ಚಹಾದ್ದು ಮಾತ್ರ.

ನಿಜವಾದ ರಾಮಾಯಣ ತಿದಿಯದು. ಎಳೆದರೆ ಒಂದು ಅಡಿಗೂ ಜಾಸ್ತಿ ಬರಬೇಕು, ಮಡಚಿದರೆ ಎರಡು ಇಂಚಿನಲ್ಲಿ ಮುದುಡಿಕೊಳ್ಳಬೇಕು, ಸೂಜಿಮೊನೆಯಷ್ಟು ಬೆಳಕೂ ಒಳಗೆ ನುಗ್ಗಬಾರದು. ಗಾಡಿ ಸೀಟಿಗೆ ರೆಕ್ಸಿನ್ ಹೊಲಿಯುವ ಒಬ್ಬ ಹುಡುಗನಿಗೆ ಕೊಟ್ಟೆ. ಕೆಲಸ ಅಚ್ಚುಕಟ್ಟು, ಹೊಲಿಗೆ ಗಟ್ಟಿ, ಐದು ವರ್ಷ ಗ್ಯಾರಂಟಿ ಅಂದ. ಮಡಚಲು ಹೋದರೆ ಮದುವೆ ಛತ್ರದ ಸೋಫಾದ ಹಾಗೆ ಉಬ್ಬಿಕೊಂಡು ಕೂತಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದಿತು. ಮೇಲಿಂದ ಪ್ರತಿ ಹೊಲಿಗೆಯ ತೂತಿನಿಂದಲೂ ಬೆಳಕು. ಅವನು ಸೀಟಿನ ಲೆಕ್ಕದಲ್ಲಿ ಸರಿಯಾಗೇ ಮಾಡಿದ್ದ. 'ಇದರ ಮೇಲೆ ಯಾರೂ ಕೂರಲ್ವಾ ಹಂಗಾದ್ರೆ?' ಅಂತ ಕೇಳಿದಾಗ ಅವನ ಮುಖದಲ್ಲಿ ನಿಜವಾದ ನಿರಾಸೆ ಇತ್ತು.

ಆಗ ನೆನಪಾದದ್ದು ಆಲಪ್ಪುಳ. ನಮ್ಮ ದೇಶದ ಸ್ಟುಡಿಯೋಗಳಲ್ಲಿ ಹೆಸರು ಮಾಡಿದ ವಾಗೀಶ್ವರಿ ಅನ್ನುವ ಮರದ ಕ್ಯಾಮೆರಾ ಹುಟ್ಟಿದ್ದು ಕೇರಳದ ಆ ಊರಿನಲ್ಲಿ, 1940ರ ದಶಕದಲ್ಲಿ. ಮಾಡಿದವರು ಕೆ. ಕರುಣಾಕರನ್. ಅವರ ಮನೆಯಲ್ಲಿ ಸಂಗೀತ ವಾದ್ಯ ರಿಪೇರಿ ಕೆಲಸ. ಸ್ಟುಡಿಯೋದವರೊಬ್ಬರು ಹರಿದ ತಿದಿಯನ್ನು ಅವರ ಮನೆಗೆ ತಂದರು, ಹುಡುಗ ಸರಿ ಮಾಡಿಕೊಟ್ಟ, ಆಮೇಲೆ ಕ್ಯಾಮೆರಾವನ್ನೇ ಮಾಡಲು ನಿಂತ. ಅಂದರೆ ಈ ರೋಗಕ್ಕೆ ವೈದ್ಯರು ಯಾರು ಅಂತ ಯಾವತ್ತೋ ತೀರ್ಮಾನವಾಗಿತ್ತು. ಹಾರ್ಮೋನಿಯಂನಲ್ಲೂ ಇರುವುದು ತಿದಿಯೇ ತಾನೆ. ನಾಟಕ ಕಂಪನಿಗಳ ಊರಾದ ದಾವಣಗೆರೆಯಲ್ಲಿ ಹಾರ್ಮೋನಿಯಂ ಮಾಸ್ತರಿಗೆ ಬರವೇ?

ಮಾಸ್ತರು ವಯಸ್ಸಾದವರು. ಹಳ್ಳಿ ನಾಟಕಗಳಿಗೆ ಈಗಲೂ ಪೆಟ್ಟಿಗೆ ಬಾರಿಸುತ್ತಾರೆ, ರಿಪೇರಿಯನ್ನೂ ಮಾಡುತ್ತಾರೆ. ರೆಕ್ಸಿನ್ ತಿದಿಯನ್ನು ನೋಡಿ 'ಇದನ್ನ ಯಾರ್ ಹೊಲದ್ರು, ಚಪ್ಲಿ ಮಾಡೋಕಾ?' ಅಂದರು. ಆಮೇಲೆ ನೆಲದ ಮೇಲೆ ಕೂತು, ತೆಳು ಕಪ್ಪು ಬಟ್ಟೆ ಎರಡು ಪದರ ಹಾಸಿ, ನಡುವೆ ರಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸುತ್ತಾ ಹೋದರು. ಪಟ್ಟಿಯಿಂದ ಪಟ್ಟಿಗೆ ಒಂದು ಭತ್ತದ ಕಾಳಿನಷ್ಟು ಜಾಗ. ಅಳತೆಪಟ್ಟಿ ಮುಟ್ಟಲಿಲ್ಲ, ಹೆಬ್ಬೆರಳ ಉಗುರನ್ನೇ ಇಟ್ಟು ಇಟ್ಟು ನೋಡುತ್ತಿದ್ದರು. ಅಂಟು ಅರ್ಧ ಹಸಿ ಇರುವಾಗಲೇ ಮಡಿಕೆಗಳನ್ನು ಚಿಮುಟಿ ಎಬ್ಬಿಸಿದರು. ಮೂಲೆಗಳಿಗೆ ಕಾಗದದಷ್ಟು ತೆಳ್ಳಗೆ ಹೆರೆದ ಚರ್ಮದ ತುಂಡು. ಆಮೇಲೆ ಒಂದು ಬಾಯಿಗೆ ಹಲಗೆ ಒತ್ತಿ ಹಿಡಿದು, ತಿದಿಯನ್ನು ನಿಧಾನ ಅದುಮಿ, ಕಿವಿ ಹತ್ತಿರ ಇಟ್ಟು ಕೇಳಿದರು. 'ಗಾಳಿನೇ ಹೋಗಲ್ಲ, ಬೆಳಕು ಎಲ್ಲಿಂದ ಹೋಗುತ್ತೆ?' ವಿಜ್ಞಾನದ ಲೆಕ್ಕದಲ್ಲಿ ಈ ವಾದಕ್ಕೆ ಅಷ್ಟು ಬೆಲೆ ಇಲ್ಲ. ಆದರೆ ರಾತ್ರಿ ಕತ್ತಲೆ ಕೋಣೆಯಲ್ಲಿ ಟಾರ್ಚ್ ಒಳಗಿಟ್ಟು ನೋಡಿದರೆ ಒಂದು ಮೂಲೆ ಬಿಟ್ಟು ಎಲ್ಲೂ ಚುಕ್ಕೆಯಷ್ಟು ಬೆಳಕು ಕಾಣಲಿಲ್ಲ. ಕೊಡುವಾಗ ಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ: 'ಇಷ್ಟ್ ದೊಡ್ಡ ತಿದಿ ಇಟ್ಕೊಂಡು ಒಂದು ಸ್ವರನೂ ಇಲ್ಲ ಅಂತೀರಲ್ಲ?'

ಇನ್ನು ಹಿಂದಿನ ಗಾಜು. ಚಿತ್ರ ಮೂಡಿ ಕಾಣಬೇಕಾದರೆ ಅದು ಒಂದು ಕಡೆ ಮಸುಕು ಇರಬೇಕು. ಮಾಡುವ ವಿಧಾನ ಸುಲಭ. ಎರಡು ಗಾಜಿನ ನಡುವೆ ಕಾರ್ಬೊರಂಡಂ ಪುಡಿ, ನೀರು ಹಾಕಿ ಸುತ್ತಿ ಸುತ್ತಿ ಉಜ್ಜಬೇಕು. ಗ್ಯಾರೇಜಿನಲ್ಲಿ ಇಂಜಿನ್ ವಾಲ್ವ್ ಉಜ್ಜಲು ಇಟ್ಟುಕೊಳ್ಳುವ ಪೇಸ್ಟಿನಲ್ಲೂ ಅಂಥದ್ದೇ ಪುಡಿ ಇರುತ್ತದೆ, ಒಂದು ಡಬ್ಬಿ ತಂದೆ. ಸುಲಭವಲ್ಲದ್ದು ಅದರ ಸದ್ದು. ಅತ್ತೆ ಊರಿಂದ ಬಂದಿದ್ದರು. ಮಹಡಿ ಮೇಲೆ ಅಳಿಯ ಗಂಟೆಗಟ್ಟಲೆ ಗಾಜು ಅರೆಯುತ್ತಿದ್ದರೆ ಯಾವ ಅತ್ತೆಗೆ ನಿದ್ದೆ ಬರುತ್ತೆ? ಮಗಳನ್ನು ಪಕ್ಕಕ್ಕೆ ಕರೆದು ಪಿಸುಪಿಸು ಮಾತಾಡಿದ್ದು ನನಗೂ ಕೇಳಿಸಿತು. ಆ ವಾರ ನನಗೆ ಎರಡು ದೇವಸ್ಥಾನದ ಪ್ರಸಾದ ಬಂತು. ಗಾಜಿನ ಉಜ್ಜಿದ ಮುಖ ಲೆನ್ಸ್ ಕಡೆಗೇ ಇರಬೇಕು, ಫಿಲ್ಮ್ ಕೂರುವ ಜಾಗಕ್ಕೆ ಕೂದಲೆಳೆಯ ವ್ಯತ್ಯಾಸವೂ ಬರಬಾರದು ಅಂತ ನಾನು ವಿವರಿಸಲು ಹೋದೆ. ಮೂರನೇ ಪ್ರಸಾದ ಬಂತು.

ಫಿಲ್ಮ್? ಈ ಸೈಜಿನದು ಊರಲ್ಲಿ ಯಾರೂ ಇಡಲ್ಲ. ಆದರೆ ಎರಡು ಮೆಡಿಕಲ್ ಕಾಲೇಜು ಇರುವ ಊರಲ್ಲಿ ಎಕ್ಸ್‌ರೇ ಫಿಲ್ಮ್ ಹುಡುಕುವುದು ಕಷ್ಟವೇ? ಎಲ್ಲ ಕಡೆ ಡಿಜಿಟಲ್ ಬಂದರೂ ಹಳೇ ತರಹದ ಫಿಲ್ಮ್ ಒಂದು ಅಂಗಡಿಯಲ್ಲಿ ಸಿಕ್ಕಿತು. ಎಂಟು ಇಂಚು ಹತ್ತು ಇಂಚಿನ ಒಂದು ಹಾಳೆಯಲ್ಲಿ ಹಾಫ್ ಪ್ಲೇಟಿನ ಎರಡು ತುಂಡು ಆರಾಮಾಗಿ ಸಿಗುತ್ತವೆ. ಕೆಂಪು ಬೆಳಕಲ್ಲಿ ಕತ್ತರಿಸಬಹುದು, ಏಕೆಂದರೆ ಈ ಫಿಲ್ಮಿಗೆ ಕೆಂಪು ಕಾಣಿಸಲ್ಲ. ಅಂಗಡಿಯವರು 'ಎದೆದಾ ಸೊಂಟದ್ದಾ?' ಅಂತ ಕೇಳಿದರು. ಗಡಿಯಾರ ಕಂಬದ್ದು ಅಂದೆ. ಬಿಲ್ ಬರೆಯುವವರೆಗೂ ಆಮೇಲೆ ನನ್ನ ಮುಖ ನೋಡಲಿಲ್ಲ.

ಡಾರ್ಕ್‌ರೂಮ್ ಅಂದರೆ ಬಚ್ಚಲು. ಕಿಟಕಿಯ ಎದುರಿಗೇ ಬೀದಿ ದೀಪ. ಕರೆಂಟ್ ಹೋದಾಗ ಇಡೀ ಓಣಿ ಬೈದುಕೊಳ್ಳುತ್ತದೆ, ನಾನೊಬ್ಬ ಮಾತ್ರ ಟ್ರೇ ಎತ್ತಿಕೊಂಡು ಓಡುತ್ತೇನೆ. ಎಕ್ಸ್‌ರೇ ಫಿಲ್ಮಿಗೆ ಎರಡೂ ಕಡೆ ಮಸಾಲೆ ಬಳಿದಿರುತ್ತಾರೆ, ಟ್ರೇಯ ತಳಕ್ಕೆ ತಾಗಿದರೂ ಗೀರು. ಅದಕ್ಕೆ ತಳದಲ್ಲಿ ಒಂದು ಗಾಜು ಹಾಸಿದೆ. ಫಿಲ್ಮಿನ ಚಿತ್ರ ಅಳಿಯದಂತೆ ಮಾಡುವ ಹೈಪೋ ದ್ರಾವಣದ ವಾಸನೆ ಮಾತ್ರ ಟವೆಲ್ಲಿಗೆ, ಸೋಪಿಗೆ, ನನ್ನ ದಾಂಪತ್ಯಕ್ಕೆ ಎಲ್ಲಕ್ಕೂ ಹತ್ತಿತು.

ಎಲ್ಲ ಸಜ್ಜಾಗಿ ಒಂದು ಭಾನುವಾರ ಬೆಳಿಗ್ಗೆ, ಗದ್ದಲ ಶುರುವಾಗುವ ಮುಂಚೆ, ಮಂಡಿಪೇಟೆಯಲ್ಲಿ ಸ್ಟ್ಯಾಂಡ್ ಊರಿದೆ. ಕಪ್ಪು ಬಟ್ಟೆ ಹೊದ್ದು ಒಳಗೆ ಹೋದರೆ ಗಾಜಿನ ಮೇಲೆ ಬೀದಿ ತಲೆಕೆಳಗಾಗಿ ನಿಂತಿತ್ತು. ಲೆನ್ಸಿನ ಸ್ವಭಾವವೇ ಹಾಗೆ, ಮೇಲಿನದು ಕೆಳಗೆ, ಎಡದ್ದು ಬಲಕ್ಕೆ. ಆಕಾಶ ತಳದಲ್ಲಿ, ಅದರ ಮೇಲೆ ಬೋರ್ಡುಗಳು, ಎಲ್ಲಕ್ಕಿಂತ ಮೇಲೆ ಒಂದು ಹಸು ಉಲ್ಟಾ ನಡೆದು ಹೋಯಿತು. ನೋಡುತ್ತಾ ಮೈಮರೆತಿದ್ದೆ. ಹೊರಗೆ ಬಂದರೆ ಸುತ್ತ ಅಂಗಡಿಯವರು.

'ಯಾವ ಡಿಪಾರ್ಟ್‌ಮೆಂಟ್ ಸರ್?'

'ಯಾವುದೂ ಅಲ್ಲ ಸಾವ್ಕಾರ್ರೇ, ಫೋಟೋ ತೆಗೀತಿದೀನಿ.'

'ಮೊದ್ಲು ಎಲ್ರೂ ಹಂಗೇ ಅಂತಾರೆ ಬಿಡ್ರಿ. ರೋಡ್ ಅಗಲ ಮಾಡೋ ಸರ್ವೆ ತಾನೆ? ನಮ್ ಅಂಗಡಿ ಎಷ್ಟಡಿ ಹೋಗುತ್ತೆ, ಅದೊಂದ್ ಹೇಳ್ಬಿಡ್ರಿ.'

ಎಷ್ಟು ಹೇಳಿದರೂ ನಂಬಲಿಲ್ಲ. ಒಬ್ಬರು ಆಗಲೇ ಯಾರಿಗೋ ಫೋನ್ ಹಚ್ಚಿ 'ಬಂದಾರೆ, ಮಷೀನ್ ತಂದಾರೆ' ಅನ್ನುತ್ತಿದ್ದರು. ಕೊನೆಗೆ ಕಿರಾಣಿ ಅಂಗಡಿಯ ಸಾವ್ಕಾರರನ್ನೇ ಬಟ್ಟೆಯೊಳಗೆ ನುಗ್ಗಿಸಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿಂದಲೇ ದನಿ: 'ಅಯ್ಯೋ, ನಮ್ ಅಂಗಡಿ ಮಗುಚಿ ಬಿದ್ದೈತಲ್ರೀ!' ಹೊರಗೆ ಬಂದವರು ಒಂದು ಸಲ ಅಂಗಡಿ ಕಡೆ ತಿರುಗಿ ನೋಡಿ ಖಾತ್ರಿ ಮಾಡಿಕೊಂಡರು. ಅಲ್ಲಿಗೆ ಸರ್ವೆ ಭಯ ಹೋಯಿತು, ಎಲ್ಲರಿಗೂ ಒಳಗೆ ಹೋಗುವ ಆಸೆ ಬಂತು. ಸಾಲು ನಿಂತರು. ನನಗೆ ಚಹಾ ಬಂತು, ಮಂಡಕ್ಕಿ ಬಂತು, ಬಿಸಿ ಮಿರ್ಚಿಯೂ ಬಂತು. ಬೆಳಗಿನ ಮೆತ್ತನೆ ಬೆಳಕು ಮಾತ್ರ ಹೋಗಿಬಿಟ್ಟಿತು.

ಆದರೂ ಸಾವ್ಕಾರರನ್ನು ಬಾಗಿಲಲ್ಲಿ ನಿಲ್ಲಿಸಿದೆ. ಶಟರ್ ಇಲ್ಲದ ಲೆನ್ಸ್ ಇದು, ಮುಚ್ಚಳ ತೆಗೆದು, ಮನಸ್ಸಲ್ಲೇ ಒಂದು ಎರಡು ಎಣಿಸಿ, ಮತ್ತೆ ಮುಚ್ಚಬೇಕು. ಅಲುಗಾಡಬೇಡಿ ಅಂತ ಹೇಳಿ ಮುಚ್ಚಳ ತೆಗೆದೆ. 'ಆಯ್ತಾ?' ಅಂದರು ಸಾವ್ಕಾರರು, ಸರಿಯಾಗಿ ಆ ಎರಡು ಸೆಕೆಂಡಿನೊಳಗೆ.

ರಾತ್ರಿ ಬಚ್ಚಲಲ್ಲಿ ತೊಳೆದೆ. ಮೀಸೆ ಇದ್ದ ಜಾಗದಲ್ಲಿ ಹೊಗೆ. ಆದರೆ ಉಳಿದದ್ದು! ಅಕ್ಕಿ ಮೂಟೆಯ ದಾರದ ಎಳೆ ಎಣಿಸಬಹುದು. ತಕ್ಕಡಿಯ ಸರಪಳಿ, ಗೋಡೆಗೆ ಬರೆದ ಶುಭ ಲಾಭ, ಒಳಗೆ ದೇವರ ಫೋಟೋಗೆ ಹಾಕಿದ ಹೂವಿನ ಒಂದೊಂದು ಎಸಳು. ನೆಗೆಟಿವ್ ದೊಡ್ಡದಿದ್ದರೆ ಬರುವ ಸುಖ ಇದೇ, ಇದಕ್ಕಾಗಿಯೇ ನಾನು ಅತ್ತೆಯ ಪ್ರಸಾದ ತಿಂದದ್ದು. ಪೇಪರಿನ ಮೇಲೆ ನೆಗೆಟಿವ್ ಒತ್ತಿಟ್ಟು, ಅಷ್ಟೇ ಸೈಜಿಗೆ ಪ್ರಿಂಟ್ ಮಾಡಿ ಅಂಗಡಿಗೆ ಒಯ್ದೆ.

ಸಾವ್ಕಾರರು ಮೀಸೆ ಬಗ್ಗೆ ಏನೂ ಅನ್ನಲಿಲ್ಲ. ಬೋರ್ಡಿನ ಮೇಲೆ ಬೆರಳಿಟ್ಟರು. 'ಇದ್ಯಾಕ್ರೀ ಕರ್ರಗಾತು? ನಮ್ದು ಕೆಂಪು ಬೋರ್ಡು. ಹೋದ ವರ್ಷ ತಾನೆ ಬರೆಸಿದ್ದು.' ಅವರ ಹಣೆಯ ಕುಂಕುಮವೂ ಇದ್ದಿಲಿನ ಬೊಟ್ಟಾಗಿತ್ತು. ಈ ಫಿಲ್ಮಿಗೆ ಕೆಂಪು ಕಾಣಿಸಲ್ಲ, ಅದಕ್ಕೆ ಕಪ್ಪು ಬರುತ್ತೆ ಅಂದೆ.

'ಹಂಗಾದ್ರೆ ನೀಲಿ ಬರೆಸ್ಲಾ?'

ನೀಲಿ ಬಿಳಿಯಾಗಿ ಬರುತ್ತೆ, ಅದರ ಮೇಲೆ ಬಿಳಿ ಅಕ್ಷರ ಬರೆಸಿದರೆ ಹೆಸರೇ ಕಾಣಲ್ಲ ಅಂದೆ.

ಸಾವ್ಕಾರರು ಪ್ರಿಂಟ್ ಹಿಡಿದುಕೊಂಡು ಬೀದಿಗಿಳಿದು, ಬೋರ್ಡನ್ನೂ ಪ್ರಿಂಟನ್ನೂ ಎರಡು ಸಲ ನೋಡಿದರು.

'ಹಸರು?'

ಹಸಿರು ನಡೆಯುತ್ತೆ ಅಂದೆ. ಅಲ್ಲೇ ನಿಂತು ಪೇಂಟರ್‌ಗೆ ಫೋನ್ ಹಚ್ಚಿದರು.