ಗೇಟಿನ ದಾಖಲೆಯಲ್ಲಿರುವವರು ಸಂಬಳದ ದಾಖಲೆಯಲ್ಲೂ ಇರಲಿ

ಜರ್ಮನಿಯಲ್ಲಿ ನೆಲ ಒರೆಸಲು, ಕಿಟಕಿ ತೊಳೆಯಲು, ಬಟ್ಟೆ ಇಸ್ತ್ರಿ ಮಾಡಲು ವಾರಕ್ಕೆ ಮೂರು ಗಂಟೆಯ ಮಟ್ಟಿಗೆ ಒಬ್ಬರನ್ನು ಕರೆಸಿಕೊಂಡರೂ ಸಾಕು, ಮನೆಯವರು ಕಾನೂನಿನ ದೃಷ್ಟಿಯಲ್ಲಿ ಉದ್ಯೋಗದಾತರಾಗುತ್ತಾರೆ. ಬೆಂಗಳೂರಿನಲ್ಲಿ ಬೆಳೆದು ಈಗ ಸ್ಟುಟ್‌ಗಾರ್ಟ್‌ನಲ್ಲಿ ಸಂಸಾರ ನಡೆಸುತ್ತಿರುವ ನನಗೆ ಎರಡೂ ಕಡೆಯ ರೀತಿ ಗೊತ್ತು. ಕರುಣೆಯ ವಿಷಯದಲ್ಲಿ ಇಲ್ಲಿನ ಜನ ನಮಗಿಂತ ಮೇಲೆಂದು ನಾನು ಹೇಳಲಾರೆ. ಕೆಲಸದವರ ರಜೆ, ಕಾಯಿಲೆ, ಅಪಘಾತಗಳನ್ನು ಮನೆಯವರ ಒಳ್ಳೆಯತನಕ್ಕೆ ಬಿಡದೆ ಲೆಕ್ಕಕ್ಕೆ ತಂದದ್ದು ಮತ್ತು ಆ ಲೆಕ್ಕವನ್ನು ಸಾಮಾನ್ಯರೂ ಇಡಬಹುದಾದಷ್ಟು ಸುಲಭಗೊಳಿಸಿದ್ದು ಇಲ್ಲಿನ ವ್ಯವಸ್ಥೆಯ ಹೆಚ್ಚುಗಾರಿಕೆ ಎಂಬುದು ನನ್ನ ಅಭಿಪ್ರಾಯ.

ನೋಂದಣಿಗೆ ಬೇಕಾದದ್ದು ಹೌಸ್‌ಹಾಲ್ಟ್ಸ್‌ಶೆಕ್ ಎಂಬ ಒಂದು ಚಿಕ್ಕ ಅರ್ಜಿ ನಮೂನೆ. ಕೆಲಸದವರ ಹೆಸರು, ಅವರ ವಿಮಾ ಸಂಖ್ಯೆ, ಕೆಲಸ ಆರಂಭವಾದ ದಿನ, ತಿಂಗಳ ಸಂಬಳ ಇಷ್ಟನ್ನು ತುಂಬಿ, ಇಬ್ಬರೂ ಸಹಿ ಮಾಡಿ ಮಿನಿಜಾಬ್ ಸೆಂಟ್ರಾಲೆ ಎಂಬ ಕಚೇರಿಗೆ ಕಳಿಸಿದರೆ, ಮುಂದಿನ ಲೆಕ್ಕವನ್ನೆಲ್ಲ ಆ ಕಚೇರಿಯೇ ಮಾಡಿ ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈ ಕೊನೆಯಲ್ಲಿ, ನಮ್ಮ ಖಾತೆಯಿಂದ ಹಣ ಪಡೆದುಕೊಳ್ಳುತ್ತದೆ. ತಿಂಗಳಿಗೆ 603 ಯೂರೋವರೆಗಿನ ಸಂಬಳದ ಕೆಲಸಕ್ಕೆ, ಅಂದರೆ ಇಲ್ಲಿನವರು ಮಿನಿಜಾಬ್ ಎನ್ನುವ ಸಣ್ಣ ಕೆಲಸಕ್ಕೆ, ಈ ಸರಳ ವಿಧಾನ ಅನ್ವಯಿಸುತ್ತದೆ. ಸಂಬಳದ ಮೇಲೆ ಆರೋಗ್ಯ ವಿಮೆಗೆ ಶೇ. 5, ಪಿಂಚಣಿಗೆ ಶೇ. 5, ಅಪಘಾತ ವಿಮೆಗೆ ಶೇ. 1.6, ತೆರಿಗೆಗೆ ಶೇ. 2, ಇನ್ನಷ್ಟು ಸಣ್ಣಪುಟ್ಟ ಬಾಬ್ತು ಸೇರಿ ಮನೆಯವರು ಕೊಡಬೇಕಾದದ್ದು ಶೇ. 15ರೊಳಗೇ ಇರುತ್ತದೆ. 2015ರಲ್ಲಿ ದೇಶಕ್ಕೆಲ್ಲ ಕನಿಷ್ಠ ವೇತನ ಬಂದಾಗ ಮನೆಗೆಲಸವನ್ನು ಅದರಿಂದ ಹೊರಗಿಡಲಿಲ್ಲ. 2026ರ ಜನವರಿಯಿಂದ ಆ ದರ ಗಂಟೆಗೆ 13.90 ಯೂರೋ.

ಇದು ಹೊರೆ ಎನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿದರೆ ಬೇರೆಯೇ ಕಾಣುತ್ತದೆ. ತಿಂಗಳಿಗೆ 200 ಯೂರೋ ಸಂಬಳ ಕೊಡುವ ಮನೆಯವರು ಮೇಲಿನ ಬಾಬ್ತುಗಳಿಗೆಂದು ವರ್ಷಕ್ಕೆ ಸುಮಾರು 350 ಯೂರೋ ಕಟ್ಟುತ್ತಾರೆ. ಅದೇ ಮನೆಯವರಿಗೆ, ಒಟ್ಟು ಖರ್ಚಿನ ಶೇ. 20ರಷ್ಟು, ಗರಿಷ್ಠ 510 ಯೂರೋ, ವರಮಾನ ತೆರಿಗೆಯಲ್ಲಿ ಕಡಿತವಾಗುತ್ತದೆ. ಹೀಗೆ ತೆರಿಗೆ ಕಟ್ಟುವ ಸಂಸಾರಕ್ಕೆ, ಕಳ್ಳಲೆಕ್ಕದಲ್ಲಿ ಕೆಲಸ ಮಾಡಿಸಿಕೊಳ್ಳುವುದಕ್ಕಿಂತ ನೋಂದಾಯಿಸಿ ಮಾಡಿಸಿಕೊಳ್ಳುವುದೇ ಅಗ್ಗ. ನೋಂದಾಯಿಸದಿದ್ದರೆ 5000 ಯೂರೋವರೆಗೆ ದಂಡವೂ ಇದೆ, ಆದರೆ ಮನೆಯೊಳಗೆ ಬಂದು ತಪಾಸಣೆ ಮಾಡುವ ಅಧಿಕಾರಿಯನ್ನು ನಾನು ಇದುವರೆಗೂ ನೋಡಿಲ್ಲ. ಜನರನ್ನು ಕಾನೂನಿನ ದಾರಿಗೆ ತರುವಲ್ಲಿ ದಂಡಕ್ಕಿಂತ ರಿಯಾಯಿತಿಯೇ ಹೆಚ್ಚು ಕೆಲಸ ಮಾಡುತ್ತದೆಂದು ನನಗನಿಸುತ್ತದೆ.

ನೋಂದಣಿಯಾದ ಮೇಲೆ ಕೆಲಸದವರಿಗೆ ಸಿಗುವುದೇನು? ವರ್ಷಕ್ಕೆ ನಾಲ್ಕು ವಾರ ಸಂಬಳಸಹಿತ ರಜೆ. ಕೆಲಸದ ದಿನವೇ ಸರ್ಕಾರಿ ರಜೆ ಬಂದರೆ ಆ ದಿನದ ಸಂಬಳ. ಕಾಯಿಲೆ ಬಿದ್ದರೆ ಆರು ವಾರದವರೆಗೆ ಸಂಬಳ; ಅದರಲ್ಲಿ ಶೇ. 80ರಷ್ಟನ್ನು ಮನೆಯವರಿಗೆ ಆ ಕಚೇರಿಯೇ ಮರಳಿಸುತ್ತದೆ. ಬಿಡಿಸುವುದಾದರೆ ಸಾಮಾನ್ಯವಾಗಿ ನಾಲ್ಕು ವಾರದ ಲಿಖಿತ ನೋಟಿಸು. ಇನ್ನೂ ಒಂದು ಸಂಗತಿ ನಮ್ಮವರಿಗೆ ಮೊದಲು ಅಚ್ಚರಿ ಹುಟ್ಟಿಸುತ್ತದೆ: ನಾವು ರಜೆಗೆಂದು ಊರಿಗೆ ಹೋಗಿ ಮನೆಗೆ ಬೀಗ ಹಾಕಿದ್ದೆವೆಂಬ ಕಾರಣಕ್ಕೆ ಕೆಲಸದವರ ಸಂಬಳ ಹಿಡಿಯುವಂತಿಲ್ಲ, ಏಕೆಂದರೆ ಕೆಲಸಕ್ಕೆ ಬರಲು ಅವರು ಸಿದ್ಧರಿದ್ದರು, ಕೆಲಸ ಕೊಡದಿದ್ದವರು ನಾವು. ಬೆಂಗಳೂರಿನಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಮೂರು ತಿಂಗಳು ಹೊರಟವರು ಅಷ್ಟೂ ತಿಂಗಳ ಸಂಬಳ ನಿಲ್ಲಿಸಿ, ಬಂದ ದಿನವೇ ಆಕೆ ಮತ್ತೆ ಕೆಲಸಕ್ಕೆ ಹಾಜರಾಗಬೇಕೆಂದು ನಿರೀಕ್ಷಿಸುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಅಪಘಾತ ವಿಮೆಯ ಆ ಶೇ. 1.6 ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಮನೆಯಿಂದ ಕೆಲಸಕ್ಕೆ ಬರುವ, ಹೋಗುವ ದಾರಿಯ ಅಪಘಾತವೂ ಅದರಲ್ಲಿ ಸೇರಿದೆ. ಬಸವನಗುಡಿಯ ನಮ್ಮ ಮನೆಯಲ್ಲಿ ಬಹಳ ವರ್ಷ ಕೆಲಸ ಮಾಡಿದ ಒಬ್ಬ ಹೆಂಗಸು ಹಿತ್ತಲ ಒಗೆಯುವ ಕಲ್ಲಿನ ಬಳಿ ಸೋಪಿನ ನೀರಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಅಮ್ಮ ಆಸ್ಪತ್ರೆಯ ಖರ್ಚು ಕೊಟ್ಟು, ಪಟ್ಟಿ ಬಿಚ್ಚುವವರೆಗೂ ಸಂಬಳ ಕೊಟ್ಟು, ಅವರ ಜಾಗಕ್ಕೆ ಬೇರೊಬ್ಬರನ್ನು ಕಾಯಂ ಮಾಡಿಕೊಳ್ಳದೆ ಕಾದರು. ಆಕೆ ಕೆಲಸ ಮಾಡುತ್ತಿದ್ದ ಉಳಿದ ಮನೆಗಳವರು ಮರುವಾರವೇ ಬೇರೆಯವರನ್ನು ಇಟ್ಟುಕೊಂಡರು. ಆಕೆ ಬಿದ್ದದ್ದು ಅಮ್ಮನ ಹಿತ್ತಲಿನಲ್ಲಾದ್ದರಿಂದ ಅಷ್ಟಾದರೂ ಸಿಕ್ಕಿತು. ಬೇರೆ ಮನೆಯ ಮೆಟ್ಟಿಲಿನ ಮೇಲೆ ಬಿದ್ದಿದ್ದರೆ ಸಿಗುತ್ತಿರಲಿಲ್ಲ. ಒಬ್ಬರ ಜೀವನೋಪಾಯ ಆ ದಿನ ಎಲ್ಲಿ ಕಾಲು ಜಾರಿತು ಎಂಬುದರ ಮೇಲೆ ನಿಂತಿರುವುದು ನ್ಯಾಯವಲ್ಲ.

ಹಾಗೆಂದು ಜರ್ಮನಿಯ ವ್ಯವಸ್ಥೆಯನ್ನು ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ಇಷ್ಟೆಲ್ಲ ಸೌಲಭ್ಯವಿದ್ದರೂ ಇಲ್ಲಿನ ಮನೆಗೆಲಸದ ಬಹುಪಾಲು ಇಂದಿಗೂ ಲೆಕ್ಕಕ್ಕೆ ಬರದೆ ಕೈಯಿಂದ ಕೈಗೆ ನಗದಿನಲ್ಲೇ ನಡೆಯುತ್ತದೆ. ನೋಂದಾಯಿಸಿದವರಿಗೂ ಮಿನಿಜಾಬ್‌ನಲ್ಲಿ ನಿರುದ್ಯೋಗ ವಿಮೆ ಇಲ್ಲ, ಅದರಿಂದಲೇ ಸ್ವಂತ ಆರೋಗ್ಯ ವಿಮೆಯೂ ದೊರೆಯುವುದಿಲ್ಲ. ಪಿಂಚಣಿಗೆ ಕೆಲಸದವರು ತಮ್ಮ ಪಾಲಿನ ಶೇ. 13.6 ಕೊಡಬೇಕಾದ್ದರಿಂದ ಅದರಿಂದ ವಿನಾಯಿತಿ ಬರೆಸಿಕೊಳ್ಳುವವರೂ ಇದ್ದಾರೆ. ಮುಪ್ಪಾದವರ ಮನೆಯಲ್ಲೇ ಉಳಿದು ಹಗಲು ರಾತ್ರಿ ನೋಡಿಕೊಳ್ಳಲು ಪೋಲೆಂಡ್, ರೊಮೇನಿಯಾ, ಬಲ್ಗೇರಿಯಾಗಳಿಂದ ಬರುವ ಹೆಂಗಸರ ಪಾಡು ಇನ್ನೂ ಕಷ್ಟದ್ದು. ವಾರಕ್ಕೆ 30 ಗಂಟೆಯೆಂದು ಕರಾರಿನಲ್ಲಿ ಬರೆದು ದಿನದ 24 ಗಂಟೆಯೂ ಕರೆಗೆ ಓಗೊಡಬೇಕಾಗಿದ್ದ ಬಲ್ಗೇರಿಯಾದ ಒಬ್ಬ ಆರೈಕೆದಾರಳ ಮೊಕದ್ದಮೆಯಲ್ಲಿ, ಕರೆಗೆ ಕಾದು ಕುಳಿತ ಹೊತ್ತಿಗೂ ಕನಿಷ್ಠ ವೇತನ ಸಲ್ಲಬೇಕೆಂದು ಇಲ್ಲಿನ ಫೆಡರಲ್ ಕಾರ್ಮಿಕ ನ್ಯಾಯಾಲಯ 2021ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ತೀರ್ಪು ಬಂದರೂ ಅಂಥ ಕರಾರುಗಳು ನಿಂತಿಲ್ಲ.

ಈ ಕೊನೆಯ ಮಾತು ಹೊರನಾಡ ಕನ್ನಡಿಗರಾದ ನಮಗೆ ನೇರವಾಗಿ ತಾಗುತ್ತದೆ. ನಮ್ಮಲ್ಲಿ ಅನೇಕರ ತಂದೆತಾಯಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಒಂಟಿಯಾಗಿದ್ದಾರೆ. ಅವರನ್ನು ನೋಡಿಕೊಳ್ಳಲು ಏಜೆನ್ಸಿಯ ಮೂಲಕ ಅಟೆಂಡರ್ ಒಬ್ಬರನ್ನು ಗೊತ್ತುಮಾಡಿ, ತಿಂಗಳಿಗೊಮ್ಮೆ ಇಲ್ಲಿಂದಲೇ ಹಣ ಕಳಿಸುತ್ತೇವೆ. ನಾವು ಕಳಿಸಿದ ಹಣದಲ್ಲಿ ಆಕೆಯ ಕೈಗೆ ಎಷ್ಟು ಸೇರುತ್ತದೆ, ರಾತ್ರಿ ಎರಡು ಗಂಟೆಗೆ ಅಪ್ಪನನ್ನು ಬಚ್ಚಲಿಗೆ ಕರೆದೊಯ್ದು ಬಂದವಳಿಗೆ ಹಗಲಿನಲ್ಲಿ ನಿದ್ದೆ ಮಾಡಲು ಬಿಡುವಿದೆಯೇ, ವಾರದ ರಜೆಗೆ ಬದಲಿ ಯಾರು ಬರುತ್ತಾರೆ ಎಂಬುದನ್ನು ಕೇಳುವವರು ಕಡಿಮೆ. ಪರದೇಶದಲ್ಲಿ ನಮ್ಮ ಕಂಪನಿ ಕೊಡುವ ರಜೆ, ವಿಮೆ, ನೋಟಿಸುಗಳನ್ನು ಹಕ್ಕೆಂದು ಎಣಿಸುವ ನಾವು ಹೆತ್ತವರ ಆರೈಕೆಗೆ ನಿಂತವರಿಗೆ ಅವನ್ನೇ ಕೊಡಬೇಕಾದದ್ದು ಸಹಜ.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವೇನಲ್ಲ. ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದ ಮೊದಲಿಗರ ಸಾಲಿನಲ್ಲಿ ನಮ್ಮ ರಾಜ್ಯವಿದೆ. ಆದರೆ ಪಾತ್ರೆಗಿಷ್ಟು, ಕಸ ಗುಡಿಸಿ ನೆಲ ಒರೆಸುವುದಕ್ಕಿಷ್ಟು, ಬಟ್ಟೆಗಿಷ್ಟು ಎಂದು ಬೀದಿಯ ದರ ನೋಡಿ ಸಂಬಳ ಹೇಳುವ ಮನೆಗಳಲ್ಲಿ ಆ ಅಧಿಸೂಚನೆಯ ಸುದ್ದಿಯೇ ಇಲ್ಲ. ಮನೆಗೆಲಸದವರ ಘನತೆಯ ದುಡಿಮೆಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆಯನ್ನು ಜರ್ಮನಿ 2013ರಲ್ಲಿ ಅನುಮೋದಿಸಿತು, ಭಾರತ ಅನುಮೋದಿಸಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮನೆಗೆಲಸದವರ ರಕ್ಷಣೆಗೆ ಕಾನೂನು ಬೇಕೇ ಎಂಬುದನ್ನು ಸಮಿತಿ ರಚಿಸಿ ಪರಿಶೀಲಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅದೇ ವರ್ಷ ಕರ್ನಾಟಕದ ಕಾರ್ಮಿಕ ಇಲಾಖೆ ಹೊರತಂದ ಕರಡು ಮಸೂದೆ ಕೆಲಸದವರು, ಮನೆಯವರು, ಏಜೆನ್ಸಿಗಳು ಎಲ್ಲರ ನೋಂದಣಿಯನ್ನೂ, ಲಿಖಿತ ಕರಾರನ್ನೂ, ಸಂಬಳದ ಶೇ. 5ರವರೆಗಿನ ಕಲ್ಯಾಣ ಶುಲ್ಕವನ್ನೂ ಮುಂದಿಟ್ಟಿದೆ.

ಇದಕ್ಕೆ ಬಂಧುಬಳಗದಲ್ಲಿ ನಾನು ಕೇಳುತ್ತಿರುವ ಮುಖ್ಯ ಆಕ್ಷೇಪವೆಂದರೆ ಮನೆಗೆಲಸದವರನ್ನು ನೋಂದಾಯಿಸುವುದು ಆಗಹೋಗದ ಕೆಲಸ ಎಂಬುದು. ಇದನ್ನು ನಾನು ಒಪ್ಪಲಾರೆ. ಬೆಂಗಳೂರಿನ ಯಾವುದೇ ದೊಡ್ಡ ಅಪಾರ್ಟ್‌ಮೆಂಟಿಗೆ ಹೋಗಿ ನೋಡಿ: ಗೇಟಿನಲ್ಲಿ ಆಕೆಯ ಫೋಟೊ ಇದೆ, ಆಧಾರ್ ಪ್ರತಿ ಇದೆ, ಯಾವ ಯಾವ ಫ್ಲ್ಯಾಟಿನಲ್ಲಿ ಕೆಲಸ ಮಾಡುತ್ತಾಳೆಂಬ ಪಟ್ಟಿ ಇದೆ, ಬೆಳಗ್ಗೆ ಒಳಗೆ ಬಂದದ್ದು ಎಷ್ಟು ಹೊತ್ತಿಗೆ, ಹೊರಗೆ ಹೋದದ್ದು ಎಷ್ಟು ಹೊತ್ತಿಗೆ ಎಂಬುದು ನಿಮಿಷದ ಲೆಕ್ಕದಲ್ಲಿ ಮನೆಯವರ ಮೊಬೈಲಿಗೆ ಬರುತ್ತದೆ. ಹೋಗುವಾಗ ಚೀಲ ಬಿಚ್ಚಿಸಿ ನೋಡುವುದೂ ಉಂಟು. ನೋಂದಣಿ ಆಗಲೇ ಆಗಿದೆ. ನಮ್ಮ ವಸ್ತು ಒಡವೆಗಳ ಭದ್ರತೆಗಾಗಿ ಆಗಿದೆ. ಅದೇ ಮಾಹಿತಿಗೆ ಸಂಬಳ ಎಷ್ಟು, ರಜೆ ಎಷ್ಟು ಎಂಬ ಎರಡು ಕಲಮುಗಳನ್ನು ಸೇರಿಸಲು ಯಾವ ಅಡ್ಡಿಯೂ ಇಲ್ಲ.

ಆದರೆ ಶುಲ್ಕ ಮತ್ತು ಶಿಕ್ಷೆಗಳನ್ನಷ್ಟೇ ನೆಚ್ಚಿದ ಕಾನೂನು 2004ರ ಅಧಿಸೂಚನೆಯ ಹಾದಿಯನ್ನೇ ಹಿಡಿದೀತೆಂಬ ಆತಂಕ ನನಗಿದೆ. ವರಮಾನ ತೆರಿಗೆ ರಾಜ್ಯದ ಕೈಯಲ್ಲಿಲ್ಲ ನಿಜ. ಆಸ್ತಿ ತೆರಿಗೆ ಸ್ಥಳೀಯ ಆಡಳಿತದ ಕೈಯಲ್ಲಿದೆ. ವರ್ಷದ ಮೊದಲಿಗೇ ಆಸ್ತಿ ತೆರಿಗೆ ಕಟ್ಟಿದವರಿಗೆ ಬೆಂಗಳೂರಿನಲ್ಲಿ ಶೇ. 5ರ ರಿಯಾಯಿತಿ ಸಿಗುವುದು ಎಲ್ಲರಿಗೂ ಗೊತ್ತು, ಅದಕ್ಕಾಗಿ ಏಪ್ರಿಲ್‌ನಲ್ಲಿ ಜನ ಅವಸರಪಡುವುದೂ ಗೊತ್ತು. ಕೆಲಸದವರನ್ನು ನೋಂದಾಯಿಸಿ ಬ್ಯಾಂಕಿನ ಮೂಲಕ ಸಂಬಳ ಕೊಡುವ ಮನೆಗಳಿಗೆ ಅಂಥದೇ ಒಂದು ರಿಯಾಯಿತಿ ಇರಲಿ. ಬಾಡಿಗೆ ಮನೆಯವರಿಗೆ ವಿದ್ಯುತ್ ಬಿಲ್ಲಿನಲ್ಲಿ ಕೊಡಬಹುದು.

ಕಾನೂನು ಬರುವ ಮೊದಲೇ ಮಾಡಬಹುದಾದದ್ದೂ ಇದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ; ಅದು ಸಾವಿಗೆ ಮತ್ತು ಅಂಗವೈಕಲ್ಯಕ್ಕೆ ಮಾತ್ರ, ಮುರಿದ ಮಣಿಕಟ್ಟಿಗೆ ದಕ್ಕುವುದಿಲ್ಲ, ಆದ್ದರಿಂದ ಮನೆಯಲ್ಲಾದ ಪೆಟ್ಟಿನ ಚಿಕಿತ್ಸೆ ಮನೆಯವರದೇ ಎಂದು ಕರಾರಿನಲ್ಲಿ ಬರೆಯಬೇಕಾಗುತ್ತದೆ. 40 ದಾಟದವರಿಗೆ ಶ್ರಮ ಯೋಗಿ ಮಾನ್‌ಧನ್ ಪಿಂಚಣಿಯ ಕಂತು ತಿಂಗಳಿಗೆ 55ರಿಂದ 200 ರೂಪಾಯಿ. ಅಷ್ಟೇ ಮೊತ್ತವನ್ನು ಸರ್ಕಾರವೂ ಹಾಕುತ್ತದೆ. ಅಟೆಂಡರ್ ಗೊತ್ತುಮಾಡುವ ನಮ್ಮವರು ಸಹಿ ಹಾಕುವ ಮುನ್ನ ಆಕೆಯ ಕೈಗೆ ಸೇರುವ ಮೊತ್ತ, ರಾತ್ರಿಯ ವಿಶ್ರಾಂತಿಯ ಗಂಟೆಗಳು, ವಾರದ ರಜೆಯ ಬದಲಿ, ಒಂದು ತಿಂಗಳ ನೋಟಿಸು ಇವಿಷ್ಟನ್ನೂ ಏಜೆನ್ಸಿಯಿಂದ ಕನ್ನಡದಲ್ಲಿ ಬರೆಸಿ, ಒಂದು ಪ್ರತಿಯನ್ನು ಆಕೆಗೇ ಕೊಡಿಸಬೇಕು.