ಅವ್ವ, ಚೀನಾ, ನಡುವೆ ನಾನು

ಅಪ್ಪ-ಅಮ್ಮನ್ನ ಫಾರಿನ್ ಟ್ರಿಪ್ ಕರ್ಕೊಂಡ್ ಹೋಗಿರೋ ಫೋಟೋ ಯಾರಾದ್ರೂ ಹಾಕಿದ್ರೆ ನಂಗೆ ಮೊದ್ಲು ಬರೋ ಡೌಟು, ಇವ್ರು ಅಲ್ಲಿ ಎಷ್ಟು ಸುಳ್ಳು ಹೇಳಿರ್ಬೋದು ಅಂತ. ಭಾಷೆ ಬರೋ ಮಕ್ಳು, ಭಾಷೆ ಬರ್ದಿರೋ ತಂದೆತಾಯಿ, ಈ ಜೋಡಿ ಊರು ಸುತ್ತೋಕೆ ಹೊರಟ್ರೆ ಮಕ್ಳು ಟ್ರಾನ್ಸ್‌ಲೇಟ್ ಮಾಡ್ತಾರೆ ಅನ್ನೋದೆಲ್ಲ ಬರೀ ಮಾತು ಕಣ್ರೀ. ಮಾಡೋದು ಎಡಿಟಿಂಗು. ನಾನೇ ಹದಿನಾಲ್ಕು ದಿನ ಮಾಡಿದೀನಿ.

2018ರ ಸೆಪ್ಟೆಂಬರಿಂದ ಒಂದು ವರ್ಷ ನಾನ್‌ಜಿಂಗಲ್ಲಿ ಚೈನೀಸ್ ಕಲೀತಿದ್ದೆ, ಏಪ್ರಿಲಲ್ಲಿ ಅವ್ವ ಬಂದ್ಲು. ಬಾಗಲಕೋಟೆ ಕಡೆ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದೋಳು. ಸೂಟ್‌ಕೇಸ್ ತೆಗೆದ್ರೆ ನಾಕು ಸೀರೆ, ಉಳಿದಿದ್ದೆಲ್ಲ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಬೈದೆ, ಆಮೇಲೆ ಆ ರೊಟ್ಟಿನೇ ನಮ್ಮನ್ನ ಕಾಪಾಡ್ತು, ಯಾಕಂದ್ರೆ ಅಲ್ಲಿ "ವೋ ಛ್ರ್ ಸೂ", ಅಂದ್ರೆ ನಾನು ಸಸ್ಯಾಹಾರಿ ಅಂತ ಎಷ್ಟು ಸ್ಪಷ್ಟವಾಗಿ ಹೇಳಿದ್ರೂ ಹೂಂ ಹೂಂ ಅಂತಾರೆ, ಆಮೇಲೆ ಬೀನ್ಸ್ ಪಲ್ಯದ ಮೇಲೆ ಒಂದು ಹಿಡಿ ಹಂದಿ ಖೀಮಾ ಉದುರ್ಸಿ ತಂದಿಡ್ತಾರೆ. ತರಕಾರಿ ಇದೆಯಲ್ಲ ಇನ್ನೇನು ಅನ್ನೋ ಮುಖ. ಆದ್ರೆ ಒಂದು ವಿಷ್ಯದಲ್ಲಿ ಅವ್ವಂಗೆ ಚೀನಾ ತವರುಮನೆ ಇದ್ದಂಗೆ, ಬಿಸಿನೀರು. ಸ್ಟೇಷನ್ನಲ್ಲಿ, ರೈಲಲ್ಲಿ, ಹೋಟ್ಲಲ್ಲಿ ಎಲ್ಲಿ ನೋಡಿದ್ರೂ ಕುದಿಯೋ ನೀರು, ಎಲ್ಲರ ಕೈಲೂ ಫ್ಲಾಸ್ಕು. "ಬುದ್ಧಿ ಇರೋ ಮಂದಿ" ಅಂತ ಎರಡನೇ ದಿನವೇ ಸರ್ಟಿಫಿಕೇಟ್ ಕೊಟ್ಬಿಟ್ಲು.

ಶಿಆನ್‌ಗೆ ಹೋದ್ವಿ. ಎಲ್ರೂ ಹೇಳೋ ಮಣ್ಣಿನ ಸೈನಿಕರನ್ನ ನೋಡಿದ್ವಿ, 1974ರಲ್ಲಿ ಬಾವಿ ತೋಡೋ ರೈತರಿಗೆ ಸಿಕ್ಕಿದ್ದು, ಜನಜಂಗುಳಿ ಬಿಟ್ರೆ ನಂಗೇನೂ ಅಷ್ಟು ನೆನಪಿಲ್ಲ. ನೆನಪಿರೋದು ದಾಯಾನ್ ತಾ. ಚೀನಾದ ಬೌದ್ಧ ಭಿಕ್ಷು ಹ್ಯೂಯೆನ್ ತ್ಸಾಂಗ್ 645ರಲ್ಲಿ ಇಂಡಿಯಾದಿಂದ ವಾಪಸ್ ಬಂದಾಗ ತಂದ 657 ಗ್ರಂಥಗಳನ್ನ ಇಡೋಕೆ 652ರಲ್ಲಿ ಕಟ್ಟಿದ ಗೋಪುರ ಅದು. ಎದುರಿಗೆ ಅವನ ದೊಡ್ಡ ಪ್ರತಿಮೆ. ಇದ್ಯಾರು ಅಂತ ನಾನು ಹೇಳಿದ್ದೇ ತಡ, ಅವ್ವ ಚಪ್ಲಿ ಬಿಟ್ಟು ನಿಂತ್ಬಿಟ್ಲು. ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದ ಹೆಸರು! "ನಮ್ ಇಮ್ಮಡಿ ಪುಲಕೇಶಿ ರಾಜ್ಯಕ್ಕ ಬಂದು ಹೋದಾಂವ ಇಂವ, ಹರ್ಷನ ಕೈಲೂ ಪುಲಕೇಶಿನ್ನ ಸೋಲಸಾಕ ಆಗ್ಲಿಲ್ಲಂತ ಬರದಾನ" ಅಂತ ಪಕ್ಕದಲ್ಲಿ ನಿಂತಿದ್ದ ಒಬ್ರು ಅಜ್ಜನಿಗೆ ಕನ್ನಡದಲ್ಲೇ ಶುರು ಹಚ್ಕೊಂಡ್ಲು, ಆಮೇಲೆ ನಂಗೆ "ಹೇಳ ಅವ್ರಿಗೆ" ಅಂತ ಆರ್ಡರು. ಪುಲಕೇಶಿನ ಚೈನೀಸಲ್ಲಿ ಏನಂತಾರೆ ನಂಗೇನ್ ಗೊತ್ತು? "ಇವ್ರು ಹಿಸ್ಟರಿ ಟೀಚರ್, ಈ ಭಿಕ್ಷು ಅಂದ್ರೆ ತುಂಬ ಇಷ್ಟ" ಅಂತ ಹೇಳಿ ಮುಗಿಸ್ದೆ. ಅಜ್ಜ ಥಂಬ್ಸ್ ಅಪ್ ಮಾಡಿದ್ರು. ಅವ್ವನ ಮುಖ ಅರಳಿಬಿಡ್ತು, "ನೋಡ, ಇವ್ರಿಗೂ ಪುಲಕೇಶಿ ಗೊತ್ತದಾನ!" ಇವತ್ತಿಗೂ ನಾನು ಆ ವಿಷ್ಯ ಬಾಯಿ ಬಿಟ್ಟಿಲ್ಲ.

ಅವತ್ತು ರಾತ್ರಿ ಇನ್ನೊಂದು. ಶಿಆನ್‌ದು ಫೇಮಸ್ ಊಟ ಪಾವ್‌ಮೋ, ಬೋಗುಣಿ ಜೊತೆ ಗಟ್ಟಿ ರೊಟ್ಟಿ ಕೊಡ್ತಾರೆ, ನಾವೇ ಉಗುರಿನಷ್ಟು ಚೂರು ಮಾಡಿ ಕೊಟ್ರೆ ಒಳಗೆ ಒಯ್ದು ಕುರಿಮಾಂಸದ ಸಾರು ಹಾಕಿ ತರ್ತಾರೆ. ನಮ್ಮನೇಲಿ ಮೊಟ್ಟೆನೂ ಇಲ್ಲ, ನಾನು ಯಾವಾಗ ಶುರು ಮಾಡಿದ್ದು ಅನ್ನೋದು ಬೇರೆ ಕಥೆ. ಅವ್ವ ತನ್ನ ರೊಟ್ಟಿ ಚಟ್ನಿ ಬಿಚ್ಕೊಂಡು ಕೂತ್ಲು. ನಾನು ಚೂರು ಮಾಡ್ತಿರೋದು ನೋಡಿ "ಎಷ್ಟ್ ದಪ್ಪ ಮುರೀತಿ, ತಾ ಇಲ್ಲೆ" ಅಂತ ಕಸ್ಕೊಂಡು, ಸಣ್ಣಗೆ ಒಂದೇ ಅಳತೆಗೆ ಮುರಿದ್ಲು, ಮುರಿಯೋದ್ ನೋಡಿ ಪಕ್ಕದ ಟೇಬಲ್ಲಿನ ಹೆಂಗಸೂ ತಲೆ ಆಡ್ಸಿದ್ರು. "ಸಾರು ಯಾತರದು?" ಅಂದ್ಲು. "ಬೇಳೆ ಕಟ್ಟು" ಅಂದೆ.

ಬೀಜಿಂಗ್‌ಗೆ ರಾತ್ರಿ ಸ್ಲೀಪರ್ ರೈಲು, ನಮ್ಮದರ ತರಾನೇ ಒಂದರ ಮೇಲೊಂದು ಮೂರು ಬರ್ತು, ಹತ್ತಕ್ಕೆ ಲೈಟ್ ಆಫ್. ಅಲ್ಲಿಂದ ಶಾಂಘೈ 1,318 ಕಿಲೋಮೀಟರ್, ಬುಲೆಟ್ ಟ್ರೇನಲ್ಲಿ ನಾಲ್ಕೂವರೆ ಗಂಟೆ ಅಷ್ಟೇ, ಅವ್ವಂಗೆ ಮಾತ್ರ ರಾತ್ರಿ ರೈಲೇ ಇಷ್ಟ ಆಗಿದ್ದು. ಇದ್ರಲ್ಲಿ ಯಾರೂ ಏನ್ ತಿಂದ್ರಿ ಅಂತ ಕೇಳಲ್ವಂತೆ.

ಶಾಂಘೈಲಿ ನಾನು ಮಾಡಿದ ತಪ್ಪು ಅಂದ್ರೆ ಭಾನುವಾರ ಪೀಪಲ್ಸ್ ಪಾರ್ಕಿಗೆ ಹೋಗಿದ್ದು. ನೆಲದ ಮೇಲೆ ಸಾಲಾಗಿ ಬಿಚ್ಚಿಟ್ಟ ಛತ್ರಿ, ಒಂದೊಂದ್ರ ಮೇಲೂ ಒಂದು ಹಾಳೆ, ಹಿಂದೆ ಸ್ಟೂಲ್ ಹಾಕ್ಕೊಂಡು ಅಪ್ಪಂದಿರು ಅಮ್ಮಂದಿರು. ಮಕ್ಕಳ ಬಯೋಡೇಟಾ! ಹುಟ್ಟಿದ ವರ್ಷ, ಎತ್ತರ, ಸಂಬಳ, ಮನೆ ಇದೆಯೋ ಇಲ್ವೋ. ಅವ್ವಂಗೆ ಅಕ್ಷರ ಬರ್ದಿದ್ರೂ ನಂಬರ್ ಬರುತ್ತಲ್ಲ, 1988, 165, 15000 ಅಂತ ಓದ್ಕೊಂಡೇ ಹೋಗ್ತಿದ್ದಾಳೆ. "ಜಾತಕ ಎಲ್ಲೈತಿ?" ಇಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿ, ಹುಟ್ಟಿದ ವರ್ಷದ ಪ್ರಾಣಿನೇ ಇವ್ರ ಜಾತಕ ಅಂದೆ, ಬಾಯಿ ಮುಚ್ಕೊಂಡಿರ್ಬೇಕಿತ್ತು. ಅಷ್ಟ್ರಲ್ಲಿ ಒಬ್ಬ ಆಂಟಿ ಬಂದು ನಂಗೆ ಯಾವ ವರ್ಷ ಅಂದ್ರು. 1991. ಕುರಿ ವರ್ಷ. ಆಂಟಿ ಮುಖ ಸಪ್ಪಗಾಯ್ತು, ಕುರಿ ವರ್ಷದಲ್ಲಿ ಹುಟ್ಟಿದ ಹೆಣ್ಮಕ್ಕಳಿಗೆ ಮದುವೆ ಯೋಗ ಸರಿ ಇರಲ್ಲ ಅನ್ನೋ ನಂಬಿಕೆ ಅಲ್ಲಿ, ನಮ್ಮಲ್ಲಿ ಮೂಲಾ ನಕ್ಷತ್ರ ಅಂತಾರಲ್ಲ ಹಂಗೆ. ಆದ್ರೂ ಪಾಪ, ಐದು ನಿಮಿಷ ಏನೇನೋ ಸಮಾಧಾನ ಹೇಳಿದ್ರು.

"ಏನಂದ್ಲು ಆಕಿ?"

"ನಿಮ್ ಮಗಳು ಚಂದ ಇದಾಳೆ ಅಂದ್ರು."

"ಇಷ್ಟುದ್ದ ಮಾತಾಡಿದ್ಲು, ನಿಂದು ಎರಡ ಮಾತಿನ್ಯಾಗ ಮುಗೀತು" ಅಂದು ಮುಂದಿನ ಛತ್ರಿಗೆ ಹೋದ್ಲು.

ಏರ್‌ಪೋರ್ಟಲ್ಲಿ ಬ್ಯಾಗ್ ತೂಕಕ್ಕೆ ಹಾಕೋವಾಗ ಮುಖ ನೋಡ್ದೆ ಹೇಳಿದ್ಲು, "ನಿನ್ ಬೇಳಿ ಕಟ್ಟು ಕುರಿ ವಾಸ್ನಿ ಹೊಡೀತಿತ್ತು." ನಂಗೆ ಮಾತೇ ಹೊರಡ್ಲಿಲ್ಲ. ಅದೇ ಹೊತ್ತಿಗೆ ಊರಿಂದ ದೊಡ್ಡವ್ವನ ಫೋನು, ಸ್ಪೀಕರ್ ಆನ್ ಇತ್ತು, ಹುಡುಗಿ ಅಲ್ಲೇನ್ ತಿಂತಾಳ, ಸೊರಗ್ಯಾಳೇನ ಅಂತ ವಿಚಾರಣೆ. ಅವ್ವ ನನ್ನನ್ನೇ ನೋಡ್ತಾ, ದನಿ ಒಂಚೂರೂ ಬದಲಾಗ್ದೆ, "ಏನ್ ತಿಂತದ, ಸೊಪ್ಪು, ಬೇಳಿ, ಬಿಸಿನೀರು, ಅಷ್ಟ."