ಅತ್ತೆಯ ಗಂಟೆ ಸರ

ಕಡಿಮೆ ಬೆಲೆಯ ಕ್ಯಾಮೆರಾ ಬೇಕು ಅಂತ ಹಟ ಹಿಡಿದದ್ದೇ ನನಗೆ ದುಬಾರಿಯಾಯಿತು.

ಬೇಕಿದ್ದದ್ದು ಮೀಡಿಯಂ ಫಾರ್ಮ್ಯಾಟ್. ಮಾಮೂಲಿ 35 ಎಂಎಂ ಫಿಲ್ಮಿನದಲ್ಲ, ಅದಕ್ಕಿಂತ ಅಗಲದ 120 ಅನ್ನೋ ಫಿಲ್ಮ್ ರೋಲ್ ಹಾಕುವಂಥದ್ದು. ಮೇಲೊಂದು ಕೆಳಗೊಂದು ಲೆನ್ಸಿರುವ, ಎರಡು ಕಣ್ಣಿನ ಯಾಶಿಕಾ ಮ್ಯಾಟ್ ಮೇಲೆ ಆಸೆಯಿತ್ತು. ಬೆಲೆ ಕೇಳಿ ಕೈಮುಗಿದು ಬಂದೆ. ಚೀನಾದ ಒಂದು ಸೀಗಲ್ ಸಿಕ್ಕಿತು. ಅದರ ಲೆನ್ಸ್ ಒಳಗೆ ಫಂಗಸ್ಸು ಜೇಡರ ಬಲೆ ಹಾಗೆ ಹಬ್ಬಿತ್ತು. ರಷ್ಯಾದ ಲುಬಿಟೆಲ್ 166 ಅಗ್ಗವೂ ಹೌದು, ಹಗುರವೂ ಹೌದು. ಆದರೆ ಪ್ಲಾಸ್ಟಿಕ್ಕು. ನಾನು ಮೂಗು ಮುರಿದೆ. ಆ ಮೂಗಿಗೆ ಆಮೇಲೆ ಸರಿಯಾಗಿ ಶಾಸ್ತಿಯಾಯಿತು.

ಮೈಸೂರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಟಿಫನ್ ಡಬ್ಬಿ ಗಾತ್ರದ ಕರೀ ಪೆಟ್ಟಿಗೆ ಕಂಡಿತು. ಕೊಡಾಕ್ ಬ್ರೌನಿ. ಮೇಲೆ ‘ಸಿಕ್ಸ್-20’ ಅಂತ ಬರೆದಿತ್ತು. ಮಾಡೆಲ್ ನಂಬರ್ ಇರಬೇಕು ಅಂದುಕೊಂಡೆ. 1,200 ಹೇಳಿದರು, ಚೌಕಾಸಿ ಮಾಡಿ 1,100ಕ್ಕೆ ತಂದೆ. ಗೆದ್ದೆ ಅನ್ನೋ ಖುಷಿ ಮನೆ ತಲುಪೋವರೆಗೆ ಇತ್ತು.

120 ರೋಲು ಒಳಗೆ ಕೂರಲೇ ಇಲ್ಲ. ಸಿಕ್ಸ್-20 ಅಂದ್ರೆ 620, ಅದು ಬೇರೊಂದು ರೋಲಿನ ಹೆಸರಂತೆ. ಫಿಲ್ಮು ಅದೇ, ಅಗಲ ಅದೇ, ಸುತ್ತಿರುವ ಉರುಳೆ ಮಾತ್ರ ಸಣ್ಣದು. ಆ ರೋಲ್ ಮಾಡೋದನ್ನು 1995ರಲ್ಲೇ ನಿಲ್ಲಿಸಿದ್ದಾರೆ. ನನಗೆ ಸಿಕ್ಕ ಉಪಾಯ ಒಂದು. 120 ಉರುಳೆಯ ಅಂಚನ್ನು ನೇಲ್ ಕಟರ್‌ನಿಂದ ಸುತ್ತಲೂ ಕತ್ತರಿಸಬೇಕು. ರಾತ್ರಿ ಹತ್ತಕ್ಕೆ ಕೂತು ಕಟಕಟ ಅನ್ನಿಸುತ್ತಿದ್ದೆ. ಹೆಂಡತಿ ಬಂದು ನೋಡಿದಳು.

“ಏನ್ರೀ, ಕ್ಯಾಮೆರಾಗೂ ಉಗುರು ಬೆಳೆಯುತ್ತಾ?”

ಮಾರನೇ ದಿನ ಮಂಡ್ಯದಿಂದ ಅತ್ತೆ ಬಂದಿದ್ದರು. ಎಲ್ಲರೂ ಚಾಮುಂಡಿ ಬೆಟ್ಟಕ್ಕೆ ಹೋದೆವು. ರೋಲಿನಲ್ಲಿ ಬರೋದು 8 ಫೋಟೋ, ಒಂದೊಂದಕ್ಕೂ ಲೆಕ್ಕ. ನಂದಿಯ ಮುಂದೆ ಅತ್ತೆಯನ್ನು ನಿಲ್ಲಿಸಿ ಪೆಟ್ಟಿಗೆಯನ್ನು ಹೊಟ್ಟೆಗೆ ಆನಿಸಿಕೊಂಡು ಬಗ್ಗಿ ನೋಡಿದೆ. ಇದರೊಳಗೆ ಎಡ ಬಲ ಅದಲುಬದಲು. ಅತ್ತೆಯನ್ನು ನಡುವಿಗೆ ತರೋಣ ಅಂತ ನಾನು ಪೆಟ್ಟಿಗೆ ತಿರುಗಿಸಿದಷ್ಟೂ ಅವರು ಅಂಚಿಗೇ ಓಡಿದರು. “ಸ್ವಲ್ಪ ಎಡಕ್ಕೆ ಬನ್ನಿ ಅತ್ತೆ. ಅಲ್ಲಲ್ಲ, ಬಲಕ್ಕೆ.” ಪಾಪ, ಅವರು ಪ್ರದಕ್ಷಿಣೆಯನ್ನೇ ಹಾಕಿಬಿಡುತ್ತಿದ್ದರು. ಹಿಂದೆ ಕಾದು ನಿಂತಿದ್ದವರು ಗೊಣಗಲು ಶುರು ಮಾಡಿದರು. ಗಾಬರಿಯಲ್ಲಿ ಅತ್ತೆಯದೊಂದು ಹೊಡೆದೆ, ಅವರು ಸರಿದ ಮೇಲೆ ನಂದಿಯದೊಂದು ಹೊಡೆದೆ. ನಡುವೆ ಕೀಲಿ ತಿರುಗಿಸಿ ಫಿಲ್ಮು ಮುಂದೆ ಓಡಿಸಬೇಕಿತ್ತು. ಮರೆತೆ. ಮರೆತರೆ ತಡೆಯುವ ಬುದ್ಧಿ ಆ ಪೆಟ್ಟಿಗೆಗಿಲ್ಲ.

ರೋಲ್ ತೊಳೆಸೋಕೆ ಬೆಂಗಳೂರಿಗೆ ಕೊರಿಯರ್ ಮಾಡಿದೆ. ಅಷ್ಟೊತ್ತಿಗೆ ಕ್ಯಾಮೆರಾದ ಬೆಲೆಯನ್ನು ಖರ್ಚು ಮೀರಿಸಿತ್ತು. ಏಳು ಫೋಟೋ ಮಸುಕು ಮಸುಕು. ಒಂದೇ ಒಂದು ಸ್ಪಷ್ಟವಾಗಿ ಬಂದಿತ್ತು. ಅತ್ತೆಯೂ ನಂದಿಯೂ ಒಂದರ ಮೇಲೊಂದು. ನಂದಿಯ ಕೊರಳಿನ ಆ ದಪ್ಪ ಗಂಟೆ ಸರ ನೇರವಾಗಿ ಅತ್ತೆಯ ಎದೆ ಮೇಲೆ.

ತೋರಿಸಬಾರದು ಅಂತಲೇ ಇದ್ದೆ. ಹೆಂಡತಿ ವಾಟ್ಸಾಪ್‌ನಲ್ಲಿ ಕಳಿಸಿಯೇಬಿಟ್ಟಳು. ಹತ್ತು ನಿಮಿಷಕ್ಕೆ ಅತ್ತೆಯ ಫೋನು.

“ಸರ ಚೆನ್ನಾಗಿದೆ ಅಳಿಯಂದ್ರೇ. ಯಾವಾಗ ಮಾಡಿಸಿಕೊಡ್ತೀರಿ?”